ಬಂಡವಾಳಶಾಹಿಯನ್ನು ಪ್ರಶ್ನಿಸುವ ಗೇಮ್‌ಗಳು: ಈಗಿನ ನಿಮ್ಮ ಮನಸ್ಸಿಗೆ ಯಾವುದು ಸರಿ?

"ಡಿಸ್ಕೋ ಎಲಿಸಿಯಮ್ ತಗೊಳ್ಳಲಾ, ಸಿಟಿಜನ್ ಸ್ಲೀಪರ್ ತಗೊಳ್ಳಲಾ?" ಈ ಎರಡು ಕಂಪ್ಯೂಟರ್ ಗೇಮ್‌ಗಳ ಬಗ್ಗೆ ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಸಾಲ, ಸಂಬಳ, ಮಾಲೀಕ, ಬಾಡಿಗೆ ಇವುಗಳ ಬಗ್ಗೆ ಈ ಆಟಗಳು ನೇರವಾಗಿ ಮಾತಾಡುತ್ತವೆ ಅನ್ನುವುದು ಕೇಳುವವರಿಗೆ ಆಗಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಇನ್ನೊಂದು. ಆಡಿ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮನಸ್ಸು ಹೇಗಿರುತ್ತದೆ? ಒಂದು ಆಟ ಸಿಟ್ಟು ಬರಿಸುತ್ತದೆ. ಒಂದು ಸುಸ್ತು ಮಾಡುತ್ತದೆ. ಒಂದು ಅಳಿಸಿ ಆಮೇಲೆ ಹಗುರ ಮಾಡುತ್ತದೆ. ಮತ್ತೊಂದು ನಗಿಸಿ, ಏನೂ ಆಗಿಲ್ಲ ಅನ್ನುವ ಹಾಗೆ ಕಳಿಸಿಕೊಡುತ್ತದೆ. ಯಾವ ಆಟದ ಟೀಕೆ ಹೆಚ್ಚು ಹರಿತ ಅಂತ ನೋಡಿ ಆರಿಸಬೇಡಿ. ಈಗ ನಿಮ್ಮಿಂದ ಯಾವ ಭಾರ ಹೊರಲು ಆಗುತ್ತದೆ ಅಂತ ನೋಡಿ ಆರಿಸಿ.

ನಾನು ಇದನ್ನು ಅನುಭವಿಸಿ ತಿಳಿದುಕೊಂಡೆ. ಕೆಲವು ವರ್ಷಗಳ ಹಿಂದೆ ನನ್ನದು ಕಾಂಟ್ರ್ಯಾಕ್ಟ್ ಕೆಲಸ. ಮುಂದುವರಿಸುತ್ತಾರೋ ಇಲ್ಲವೋ ಅಂತ ಆಫೀಸಿನಿಂದ ಉತ್ತರವೇ ಇಲ್ಲ, ತಿಂಗಳ ಕೊನೆ ಬೇರೆ. ಆ ವಾರದಲ್ಲೇ ಸಿಟಿಜನ್ ಸ್ಲೀಪರ್ ಶುರು ಮಾಡಿದೆ. ಹಗಲೆಲ್ಲ ನನ್ನ ಬಾಡಿಗೆ ಲೆಕ್ಕ, ರಾತ್ರಿ ಆಟದೊಳಗಿನ ಔಷಧಿ ಲೆಕ್ಕ. ಮೂರನೇ ದಿನ ನಿದ್ದೆ ಬರಲಿಲ್ಲ. ಅದೇ ಆಟವನ್ನು ಒಂದು ವರ್ಷ ಬಿಟ್ಟು ಆಡಿದಾಗ ನನಗೆ ಬಹಳ ಪ್ರಿಯವಾಯಿತು. ಆಟ ಅದೇ, ನಾನು ಬೇರೆ ಆಗಿದ್ದೆ.

ಹಾಗಾಗಿ ಮೊದಲು ಏನೇನು ನೋಡಬೇಕು ಅಂತ ಹೇಳಿಬಿಡುತ್ತೇನೆ.

ಮೊದಲನೆಯದು, ನಿಮ್ಮ ಕೈ ಏನು ಮಾಡುತ್ತದೆ. ಪಾತ್ರಗಳು "ಕಂಪನಿ ಕೆಟ್ಟದ್ದು" ಅಂತ ಹೇಳುವುದನ್ನು ಓದುವುದು ಬೇರೆ, ಆ ಕಂಪನಿಗಾಗಿ ನೀವೇ ಯಾರ ಮನೆಗೋ ಹೋಗಿ ದುಡ್ಡು ವಸೂಲಿ ಮಾಡುವುದು ಬೇರೆ. ಎರಡನೆಯದರಲ್ಲಿ ನಾಚಿಕೆ ಇರುತ್ತದೆ, ಆ ನಾಚಿಕೆ ಬಹಳ ದಿನ ಉಳಿಯುತ್ತದೆ.

ಎರಡನೆಯದು ಎಲ್ಲಕ್ಕಿಂತ ಮುಖ್ಯ. ಕಷ್ಟಪಟ್ಟರೆ ಗೆಲ್ಲಬಹುದು ಅಂತ ಆಟ ಹೇಳುತ್ತಿದೆಯಾ? ಸ್ಪೆಂಟ್ ಅಂತ 2011ರ ಒಂದು ಉಚಿತ ಆಟ ಇದೆ, ಬ್ರೌಸರ್‌ನಲ್ಲೇ ಆಡುವಂಥದ್ದು. ಕೆಲಸ ಕಳೆದುಕೊಂಡ ನಿಮ್ಮ ಕೈಯಲ್ಲಿ 1000 ಡಾಲರ್ ಇರುತ್ತದೆ, ಅದರಲ್ಲಿ ಒಂದು ತಿಂಗಳು ತಳ್ಳಬೇಕು. ಬಡವರ ಬಗ್ಗೆ ಕನಿಕರ ಹುಟ್ಟಲಿ ಅಂತಲೇ ಮಾಡಿದ್ದು. ಆದರೆ ಯೇಲ್ ವಿಶ್ವವಿದ್ಯಾಲಯದ ಜೀನಾ ರೂಸಸ್ ಮತ್ತು ಜಾನ್ ಡೊವಿಡಿಯೊ ಇದನ್ನು ಜನರಿಂದ ಆಡಿಸಿ ನೋಡಿದಾಗ, 2016ರಲ್ಲಿ ಬಂದ ಅವರ ಅಧ್ಯಯನದಲ್ಲಿ, ಆಡಿದವರಿಗೆ ಬಡವರ ಬಗ್ಗೆ ಇದ್ದ ಭಾವನೆ ಸುಧಾರಿಸಲಿಲ್ಲ. ಕೆಲವರಲ್ಲಿ ಇನ್ನೂ ಕೆಟ್ಟಿತು. ಅವರು ಕೊಟ್ಟ ಕಾರಣ ಯೋಚಿಸುವಂಥದ್ದು. ಆಟದಲ್ಲಿ ಎಲ್ಲ ತೀರ್ಮಾನ ನಿಮ್ಮ ಕೈಯಲ್ಲೇ ಇರುತ್ತದೆ. ಅದರಿಂದ, ಸರಿಯಾಗಿ ಯೋಚಿಸಿದರೆ ಬಡತನದಿಂದ ಪಾರಾಗಬಹುದು, ಪಾರಾಗದವರದ್ದೇ ತಪ್ಪು ಅನ್ನುವ ನಂಬಿಕೆ ಒಳಗೆ ಕೂತುಬಿಡುತ್ತದೆ.

ಇದು ಹೊಸ ಕಥೆಯೂ ಅಲ್ಲ. ಬೇಸಿಗೆ ರಜೆಯಲ್ಲಿ ನಾವೆಲ್ಲ ಆಡಿದ ವ್ಯಾಪಾರ ಆಟ ಇದೆಯಲ್ಲ, ಅದರ ಮೂಲ ಮೊನಾಪಲಿ. ಅದರದ್ದೂ ಮೂಲ ಹುಡುಕಿದರೆ ಎಲಿಜಬೆತ್ ಮ್ಯಾಗಿ ಅನ್ನುವ ಅಮೆರಿಕದ ಹೆಂಗಸು 1904ರಲ್ಲಿ ಪೇಟೆಂಟ್ ಪಡೆದ ಲ್ಯಾಂಡ್‌ಲಾರ್ಡ್ಸ್ ಗೇಮ್ ಸಿಗುತ್ತದೆ. ಭೂಮಿಯ ಒಡೆಯರು ಬಾಡಿಗೆಯಿಂದ ಉಳಿದವರನ್ನು ಹೇಗೆ ಹಿಂಡುತ್ತಾರೆ ಅಂತ ತೋರಿಸಲು ಅವರು ಅದನ್ನು ಮಾಡಿದ್ದರು. ನಾವು ಅದರಲ್ಲಿ ಕಲಿತದ್ದು ಏನು? ಚಿಕ್ಕಪ್ಪನ ಮಗನನ್ನು ದಿವಾಳಿ ಎಬ್ಬಿಸಿದ ಖುಷಿ. ಗೆಲುವಿನ ರುಚಿ ಹತ್ತಿದರೆ ಟೀಕೆ ಮರೆತುಹೋಗುತ್ತದೆ.

ಮೂರನೆಯದು, ಆಟದೊಳಗೆ ನಿಮ್ಮ ಜೊತೆ ಯಾರಿದ್ದಾರೆ ಅನ್ನುವುದು. ಇದೇ ನೋವು ಒಬ್ಬರೇ ಇದ್ದಾಗ ಹತಾಶೆ, ಜೊತೆಗೆ ಒಬ್ಬರಿದ್ದರೆ ಬೇರೆ ಏನೋ. ಆಮೇಲೆ ಸಮಯ, ದುಡ್ಡು, ಕಂಪ್ಯೂಟರ್. ಇನ್ನೊಂದು ಮಾತು, ನಾನು ಹೇಳುವ ಆಟಗಳು ಯಾವುವೂ ಕನ್ನಡದಲ್ಲಿ ಇಲ್ಲ. ಎಷ್ಟು ಇಂಗ್ಲಿಷ್ ಓದಬೇಕು ಅನ್ನುವುದೂ ನಮಗೆ ಒಂದು ಲೆಕ್ಕವೇ.

ದುಡ್ಡು ಖರ್ಚು ಮಾಡದೆ ಇಂಥ ಆಟ ಹೇಗಿರುತ್ತದೆ ಅಂತ ನೋಡಬೇಕಾದರೆ ಎವ್ರಿ ಡೇ ದ ಸೇಮ್ ಡ್ರೀಮ್ ಆಡಿ. ಮೊಲ್ಲೆಇಂಡುಸ್ಟ್ರಿಯಾ ಅನ್ನುವ ಹೆಸರಿನಲ್ಲಿ ಆಟ ಮಾಡುವ ಪಾವ್ಲೊ ಪೆಡರ್ಚೀನಿ 2009ರಲ್ಲಿ ಮಾಡಿದ್ದು. ಹದಿನೈದು ನಿಮಿಷ ಸಾಕು. ಒಬ್ಬ ಏಳುತ್ತಾನೆ, ಬಟ್ಟೆ ಹಾಕುತ್ತಾನೆ, ಹೆಂಡತಿ ತಡವಾಯಿತು ಅನ್ನುತ್ತಾಳೆ, ಲಿಫ್ಟ್, ಕಾರು, ಟ್ರಾಫಿಕ್, ಸಾಲುಸಾಲು ಮೇಜು. ಮತ್ತೆ ಬೆಳಗಾಗುತ್ತದೆ. ಹೊರಬರಬೇಕಾದರೆ ದಿನಚರಿಯಲ್ಲಿ ಐದು ಕಡೆ ದಾರಿ ತಪ್ಪಬೇಕು. ಕಾರು ನಿಲ್ಲಿಸಿ ಇಳಿದು ಹಸುವಿನ ಹತ್ತಿರ ಹೋಗುವುದು, ಬೀಳುವ ಎಲೆಯೊಂದನ್ನು ಹಿಡಿಯುವುದು, ಹೀಗೆ. ಆ ಎಲೆ ಹಿಡಿದಾಗ ನನಗೆ ಗಂಟಲು ಕಟ್ಟಿತ್ತು, ಹದಿನೈದು ನಿಮಿಷದ ಆಟಕ್ಕೆ ಅದು ದೊಡ್ಡ ವಿಷಯ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು, ಆ ಐದರಲ್ಲಿ ಒಂದು ಆತ್ಮಹತ್ಯೆ. ಮನಸ್ಸು ಕುಗ್ಗಿರುವ ದಿನಗಳಲ್ಲಿ ಇದು ಬೇಡವೇ ಬೇಡ.

ಇನ್ನು ಸಿಟಿಜನ್ ಸ್ಲೀಪರ್. ಗ್ಯಾರೆತ್ ಡೇಮಿಯನ್ ಮಾರ್ಟಿನ್ ಅವರ ಜಂಪ್ ಓವರ್ ದ ಏಜ್ ಸ್ಟುಡಿಯೊ 2022ರಲ್ಲಿ ತಂದದ್ದು. ನೀವು ಒಬ್ಬ ಸ್ಲೀಪರ್. ಅಂದರೆ ಯಾರದ್ದೋ ಮನಸ್ಸಿನ ಪ್ರತಿಯನ್ನು ಕೃತಕ ದೇಹಕ್ಕೆ ತುಂಬಿ ದುಡಿಸಿಕೊಂಡ ಜೀವ. ದೇಹ ಕಂಪನಿಯ ಆಸ್ತಿ. ಓಡಿಹೋಗಬಾರದು ಅಂತಲೇ ಆ ದೇಹ ದಿನದಿನಕ್ಕೆ ಸವೆಯುವ ಹಾಗೆ ಮಾಡಿದ್ದಾರೆ, ತಡೆಯಲು ಕಂಪನಿಯದ್ದೇ ಒಂದು ಔಷಧಿ ಬೇಕು. ನೀವು ತಪ್ಪಿಸಿಕೊಂಡು ಎರ್ಲಿನ್ಸ್ ಐ ಅನ್ನುವ ಹಳೆಯ ಅಂತರಿಕ್ಷ ನಿಲ್ದಾಣಕ್ಕೆ ಬಂದಿದ್ದೀರಿ. ದಿನಕ್ಕೆ ಐದು ದಾಳ. ಒಂದೊಂದು ದಾಳ ಒಂದೊಂದು ಕೆಲಸಕ್ಕೆ. ದೇಹ ಸವೆದ ಹಾಗೆ ದಾಳ ಐದರಿಂದ ನಾಲ್ಕಾಗುತ್ತದೆ, ಮೂರಾಗುತ್ತದೆ. ಹುಷಾರಿಲ್ಲದವನಿಗೆ ದುಡಿಯಲು ಆಗುವುದಿಲ್ಲ, ದುಡಿಯದವನಿಗೆ ಔಷಧಿ ಸಿಗುವುದಿಲ್ಲ. ಇದನ್ನು ಯಾವ ಪಾತ್ರವೂ ಭಾಷಣ ಮಾಡಿ ಹೇಳಬೇಕಾಗಿಲ್ಲ, ಬೆಳಿಗ್ಗೆ ಎದ್ದು ಮೂರೇ ದಾಳ ನೋಡಿದಾಗ ಹೊಟ್ಟೆಯೊಳಗೆ ಏನೋ ಕುಸಿಯುತ್ತದಲ್ಲ, ಅಷ್ಟು ಸಾಕು.

ಗಿಗ್ ಕೆಲಸದ, ಅಂದರೆ ಕಾಯಂ ಅಲ್ಲದ ಬಿಡಿ ಕೆಲಸದ, ಅನುಭವ ಈ ಆಟದ ಹಿಂದಿದೆ ಅಂತ ಮಾರ್ಟಿನ್ ಹೇಳಿಕೊಂಡಿದ್ದಾರೆ. ಡೆಲಿವರಿ ಬೈಕ್ ಓಡಿಸುವ ನನ್ನ ಗೆಳೆಯನೊಬ್ಬ ಅರ್ಧ ಗಂಟೆ ಆಡಿ, "ಇದು ನನ್ನ ಆ್ಯಪ್ ಇದ್ದ ಹಾಗೇ ಇದೆಯಲ್ಲ ಮಾರಾಯ" ಅಂದ. ಕರ್ನಾಟಕದಲ್ಲಿ ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆಗೆ ಕಾನೂನು ಬಂದದ್ದೇ 2025ರಲ್ಲಿ. ಆ ಕೆಲಸ ಮಾಡುವವರಿಗೆ ಈ ಆಟದಲ್ಲಿ ಹೊಸದು ಏನೂ ಇಲ್ಲ. ಮಾಡದವರಿಗೆ ಬಹಳ ಇದೆ.

ಆದರೆ ಇದು ಬರೀ ಕತ್ತಲೆಯ ಆಟ ಅಲ್ಲ. ಲೆಮ್ ಅನ್ನುವ ಕೂಲಿಯವನು, ಅವನ ಜೊತೆ ಮೀನಾ ಅನ್ನುವ ಪುಟ್ಟ ಹುಡುಗಿ. ಅವಳನ್ನು ನೋಡಿಕೊಳ್ಳಲು ಒಂದು ದಾಳ ಬೇಕು, ಆ ದಾಳ ಹಾಕಿದರೆ ನಿಮ್ಮ ಊಟಕ್ಕೆ ಕಡಿಮೆ ಬೀಳುತ್ತದೆ. ಬೀದಿ ಬೆಕ್ಕಿಗೆ ಊಟ ಹಾಕಲೂ ದಾಳ ಬೇಕು. ನಾನು ಹಾಕಿದೆ. ಲಾಭವಿಲ್ಲ ಅಂತ ಗೊತ್ತಿದ್ದೂ ಒಂದು ದಾಳ ಕೊಟ್ಟುಬಿಡುವಾಗ ಸಿಗುವ ನೆಮ್ಮದಿ ಬೇರೆ ಯಾವ ಆಟದಲ್ಲೂ ನನಗೆ ಸಿಕ್ಕಿಲ್ಲ. ಕೊರತೆ ಒಂದೇ, ಅರ್ಧ ದಾಟಿದ ಮೇಲೆ ದುಡ್ಡು ಸಲೀಸಾಗಿ ಬರುತ್ತದೆ, ಮೊದಲಿನ ಬಿಗಿ ಸಡಿಲವಾಗುತ್ತದೆ. ಸ್ಪೆಂಟ್ ಬಗ್ಗೆ ಹೇಳಿದ ತೊಂದರೆ ಇಲ್ಲೂ ಸ್ವಲ್ಪ ಇಣುಕುತ್ತದೆ. ಏಳೆಂಟು ಗಂಟೆಯ ಆಟ, ಓದುವುದು ಹದವಾಗಿದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಬೆಲೆಯೂ ಹೆಚ್ಚಲ್ಲ.

ಡಿಸ್ಕೋ ಎಲಿಸಿಯಮ್ ಬೇರೆಯೇ ತೂಕದ್ದು. ಎಸ್ಟೋನಿಯಾದ ಬರಹಗಾರ ರಾಬರ್ಟ್ ಕುರ್ವಿಟ್ಸ್ ಮತ್ತು ಅವರ ಗೆಳೆಯರು ಸೇರಿ ಕಟ್ಟಿದ ಝಾ/ಉಮ್ ಸಂಸ್ಥೆ 2019ರಲ್ಲಿ ತಂದದ್ದು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ನಾಲ್ಕು ಪ್ರಶಸ್ತಿ ಗೆದ್ದು, ವೇದಿಕೆಯಲ್ಲೇ ಮಾರ್ಕ್ಸ್‌ಗೂ ಏಂಗೆಲ್ಸ್‌ಗೂ ಧನ್ಯವಾದ ಹೇಳಿದರು. ಕಥೆ ರೆವಶೋಲ್ ಅನ್ನುವ ಕಲ್ಪಿತ ನಗರದ್ದು. ಅಲ್ಲಿ ಒಂದು ಕ್ರಾಂತಿ ನಡೆದು, ಹೊರಗಿನ ದೇಶಗಳು ಸೇರಿ ಅದನ್ನು ಹೊಸಕಿ ಹಾಕಿ ದಶಕಗಳೇ ಆಗಿವೆ, ಈಗ ಬಂದರಿನಲ್ಲಿ ಮುಷ್ಕರ ನಡೆಯುತ್ತಿದೆ, ಹೋಟೆಲ್ ಹಿಂದಿನ ಮರದಲ್ಲಿ ಒಂದು ಹೆಣ ನೇತಾಡುತ್ತಿದೆ, ಪತ್ತೆ ಮಾಡಬೇಕಾದ ಪೊಲೀಸ್ ನೀವು, ನಿಮಗೆ ನಿಮ್ಮ ಹೆಸರೂ ನೆನಪಿಲ್ಲ.

ಎಲ್ಲರೂ ಇದರ ರಾಜಕೀಯದ ಮಾತುಗಳನ್ನು ಹೊಗಳುತ್ತಾರೆ. ನನಗೆ ತಟ್ಟಿದ್ದು ಬೇರೆ. ನೀವು ಹೋಟೆಲಿಗೆ 130 ರೆಯಾಲ್ ಬಾಕಿ ಕೊಡಬೇಕು, ರಾತ್ರಿ ಮಲಗಲು ಮತ್ತೆ ದುಡ್ಡು ಬೇಕು, ಜೇಬು ಖಾಲಿ. ಆಗ ಪ್ಲಾಸ್ಟಿಕ್ ಚೀಲ ಹಿಡಿದು ಬೀದಿಯಲ್ಲಿ ಖಾಲಿ ಬಾಟಲಿ ಆಯುತ್ತೀರಿ. ಕೊಲೆ ತನಿಖೆ ಮಾಡುವ ಅಧಿಕಾರಿ, ಗುಜರಿಗೆ ಹಾಕಿ ಚಿಲ್ಲರೆ ಪಡೆಯುತ್ತಾನೆ. ಪಕ್ಕದಲ್ಲಿ ನಿಂತ ಕಿಮ್ ಕಿತ್ಸುರಾಗಿ ಅನ್ನುವ ಸಹೋದ್ಯೋಗಿ ನಿಮ್ಮನ್ನು ಒಂದು ಕ್ಷಣ ನೋಡುತ್ತಾನೆ. ಆಡಿ ಎಷ್ಟೋ ದಿನ, ನಮ್ಮ ಬೀದಿಯಲ್ಲಿ ಬೆಳಿಗ್ಗೆ ಬಾಟಲಿ ಆಯುವ ಅಜ್ಜನನ್ನು ಕಂಡಾಗ ನನಗೆ ಬೇರೆ ರೀತಿ ಕಾಣುತ್ತಿತ್ತು. ಕನಿಕರ ಅಂತ ಹೇಳಲಾರೆ. ಚೀಲದ ಭಾರ ಗೊತ್ತಾದ ಹಾಗೆ.

ಇಲ್ಲಿ ಕಷ್ಟಪಟ್ಟರೆ ಗೆಲ್ಲುತ್ತೀರಿ ಅನ್ನುವ ಭರವಸೆ ಇಲ್ಲ. ದಾಳ ಬೀಳದೆ ಸೋಲುತ್ತೀರಿ, ಸೋತ ಮೇಲೂ ಕಥೆ ಮುಂದೆ ಹೋಗುತ್ತದೆ, ಎಷ್ಟೋ ಸಲ ಸೋತ ದಾರಿಯೇ ಹೆಚ್ಚು ಚೆನ್ನಾಗಿರುತ್ತದೆ. ಕಮ್ಯುನಿಸ್ಟ್, ಫ್ಯಾಸಿಸ್ಟ್, ಮಾರುಕಟ್ಟೆಯ ಭಕ್ತ, ನಡುದಾರಿಯವನು, ಯಾರನ್ನೂ ಆಟ ಸುಮ್ನೆ ಬಿಡುವುದಿಲ್ಲ. ಕ್ರಾಂತಿಯ ಸೋಲಿನ ದುಃಖವನ್ನು ಮಾತ್ರ ನಿಜವಾಗಿ ಅನುಭವಿಸುತ್ತದೆ. ಮುಗಿದಾಗ ಒಂದು ಬಗೆಯ ಶೋಕ ಉಳಿಯುತ್ತದೆ, ಜೊತೆಗೆ ಕಿಮ್‌ನಂಥವನು ಪಕ್ಕದಲ್ಲಿದ್ದ ಧೈರ್ಯವೂ ಉಳಿಯುತ್ತದೆ. ಅವನಿಲ್ಲದಿದ್ದರೆ ಈ ಆಟ ಸಹಿಸಲು ಆಗುತ್ತಿರಲಿಲ್ಲ.

ಬೆಲೆ ತೆರಬೇಕಾದದ್ದು ಸಮಯದಲ್ಲಿ. ಇಪ್ಪತ್ತೈದು, ಮೂವತ್ತು ಗಂಟೆ, ಹತ್ತು ಲಕ್ಷಕ್ಕೂ ಹೆಚ್ಚು ಪದಗಳು ಇರುವ ಆಟ, ಕಷ್ಟದ ಇಂಗ್ಲಿಷ್. 2021ರ ಫೈನಲ್ ಕಟ್ ಆವೃತ್ತಿಯಲ್ಲಿ ಎಲ್ಲ ಮಾತಿಗೂ ದನಿ ಇದೆ, ಕೇಳಿಕೊಂಡು ಓದಿದರೆ ಎಷ್ಟೋ ಸಲೀಸು. ಕುಡಿತ ಬಿಡಲು ಒದ್ದಾಡುತ್ತಿರುವವರು, ಮದುವೆ ಅಥವಾ ಪ್ರೀತಿ ಮುರಿದು ಹೆಚ್ಚು ದಿನ ಆಗಿರದವರು ಸ್ವಲ್ಪ ಕಾಯಿರಿ. ಬಂಡವಾಳಶಾಹಿಗಿಂತ ಆ ಗಾಯಗಳನ್ನೇ ಇದು ಹೆಚ್ಚು ಆಳವಾಗಿ ಕೆದಕುತ್ತದೆ.

ನೈಟ್ ಇನ್ ದ ವುಡ್ಸ್ 2017ರದ್ದು. ನೋಡಲು ಮಕ್ಕಳ ಚಿತ್ರಪುಸ್ತಕ, ಪಾತ್ರಗಳೆಲ್ಲ ಬೆಕ್ಕು, ನರಿ, ಕರಡಿ, ಮೊಸಳೆ. ಮೋಸ ಹೋಗಬೇಡಿ. ಇಪ್ಪತ್ತು ವರ್ಷದ ಮೇ ಕಾಲೇಜು ಬಿಟ್ಟು ಪಾಸಮ್ ಸ್ಪ್ರಿಂಗ್ಸ್ ಅನ್ನುವ ತನ್ನ ಊರಿಗೆ ವಾಪಸ್ ಬರುತ್ತಾಳೆ. ಗಣಿ ಮುಚ್ಚಿದ ಅಮೆರಿಕದ ಊರು. ಅಪ್ಪನಿಗೆ ಈಗ ಸೂಪರ್ ಮಾರ್ಕೆಟ್ ಕೆಲಸ, ಮಗಳ ಓದಿಗೆ ಮಾಡಿದ ಸಾಲದಲ್ಲಿ ಮನೆಯೇ ಹೋಗುವ ಹಾಗಿದೆ. ಅವಳ ಗೆಳತಿ ಬೀ. ಓದಿನಲ್ಲಿ ಚುರುಕು. ಅಮ್ಮ ತೀರಿಕೊಂಡು, ಅಪ್ಪ ಕುಸಿದು, ಹಾರ್ಡ್‌ವೇರ್ ಅಂಗಡಿ ಹೆಗಲಿಗೆ ಬಿತ್ತು, ಕಾಲೇಜು ಕನಸಾಗಿಯೇ ಉಳಿಯಿತು. ಬೀ ಆಸೆಪಟ್ಟದ್ದನ್ನು ಮೇ ಕೈಯಾರೆ ಬಿಟ್ಟು ಬಂದಿದ್ದಾಳೆ, ಅದು ಇಬ್ಬರಿಗೂ ಗೊತ್ತು. ಅವರಿಬ್ಬರ ಜಗಳದಲ್ಲಿ ಯಾರೂ ಬಂಡವಾಳ ಅನ್ನುವ ಪದ ಎತ್ತುವುದಿಲ್ಲ. ಅದರಷ್ಟು ನೇರವಾಗಿ ವಿಷಯ ಹೇಳುವ ದೃಶ್ಯ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ.

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಕೆಜಿಎಫ್ ಕಡೆಯವರು, ಮಿಲ್ಲೋ ಕಾರ್ಖಾನೆಯೋ ನಿಂತ ಊರಿನವರು, ಓದಿ ಬೆಂಗಳೂರು ಸೇರಿ ಊರಿಗೆ ಹೋದಾಗ ಹಳೆಯ ಗೆಳೆಯರ ಎದುರು ಮಾತು ತಡವರಿಸುವವರು, ಇವರಿಗೆಲ್ಲ ಇದು ಬಹಳ ಹತ್ತಿರವಾಗುತ್ತದೆ. ಆಡುವಾಗ ದಿನದ ಕೊನೆಗೆ ಮೇಯ ಇನ್ನೊಬ್ಬ ಗೆಳೆಯ ಗ್ರೆಗ್ ಜೊತೆ ಹೋಗುವುದೋ ಬೀ ಜೊತೆ ಹೋಗುವುದೋ ಅಂತ ಆರಿಸಬೇಕಾಗುತ್ತದೆ. ಗ್ರೆಗ್ ಜೊತೆ ಮಜಾ ಇದೆ. ನೀವು ಬೀ ಜೊತೆ ಹೋಗಿ. ಆಡಲು ಕಷ್ಟ ಏನೂ ಇಲ್ಲ, ಸೋಲುವ ಭಯ ಇಲ್ಲ, ಹತ್ತು ಗಂಟೆಯೊಳಗೆ ಮುಗಿಯುತ್ತದೆ, ಇಂಗ್ಲಿಷ್ ಆಡುಮಾತಿನದ್ದು. ಮೊದಲ ಎರಡು ಗಂಟೆ ನಿಧಾನ. ಮುಗಿದ ಮೇಲೆ ನಾನು ಊರಿನ ಗೆಳತಿಗೆ ಫೋನ್ ಮಾಡಿದೆ, ನಾಲ್ಕು ವರ್ಷ ಆಗಿತ್ತು ಮಾತಾಡಿ.

ಹಾರ್ಡ್‌ಸ್ಪೇಸ್ ಶಿಪ್‌ಬ್ರೇಕರ್ ವಿಚಿತ್ರವಾದ ಅನುಭವ. ಪೂರ್ತಿ ಆವೃತ್ತಿ ಬಂದದ್ದು 2022ರಲ್ಲಿ. ಹಳೆಯ ಅಂತರಿಕ್ಷ ಹಡಗುಗಳನ್ನು ಲೇಸರ್‌ನಿಂದ ಕತ್ತರಿಸಿ, ಬೇರೆ ಬೇರೆ ಮಾಡಿ, ಕುಲುಮೆಗೆ ಒಂದು ಭಾಗ, ಗುಜರಿಗೆ ಒಂದು ಭಾಗ ಕಳಿಸುವ ಕೆಲಸ. ಗುಜರಾತಿನ ಅಲಂಗ್ ಕಡಲ ತೀರದಲ್ಲಿ ಜನ ನಿಜವಾದ ಹಡಗುಗಳಿಗೆ ಮಾಡುವ ಕೆಲಸವೇ ಇದು. ಲಿಂಕ್ಸ್ ಅನ್ನುವ ಕಂಪನಿಗೆ ನೀವು ಮೊದಲ ದಿನವೇ ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಸಾಲಗಾರ. ಉಪಕರಣಕ್ಕೆ ಬಾಡಿಗೆ, ಉಸಿರಾಡುವ ಆಮ್ಲಜನಕಕ್ಕೆ ದುಡ್ಡು. ಸತ್ತರೆ ನಿಮ್ಮ ಪ್ರತಿ ತಯಾರಿಸಿ ಅದರ ಖರ್ಚನ್ನೂ ಸಾಲಕ್ಕೆ ಸೇರಿಸುತ್ತಾರೆ.

ಕೇಳಲು ನರಕ. ಆಡಲು ಮಾತ್ರ ಬಹಳ ಹಿತ. ಒಂದು ದೊಡ್ಡ ತಗಡು ಸರಿಯಾದ ಕಡೆ ಕತ್ತರಿಸಿ ಮೆಲ್ಲಗೆ ಬೇರ್ಪಟ್ಟು ತೇಲಿದಾಗ ಮನಸ್ಸು ಶಾಂತವಾಗುತ್ತದೆ. ಕೆಲವರು ಇದನ್ನೇ ದೋಷ ಅನ್ನುತ್ತಾರೆ, ಇಷ್ಟು ಹಿತವಾಗಿದ್ದರೆ ಟೀಕೆ ಎಲ್ಲಿ ಉಳಿಯಿತು ಅಂತ. ನನಗೆ ಹಾಗೆ ಅನಿಸಲಿಲ್ಲ. ಕೈಕೆಲಸ ಬಲ್ಲವರಿಗೆ ತಮ್ಮ ಕೆಲಸದ ಮೇಲೆ ಪ್ರೀತಿ ಇರುತ್ತದೆ, ಬಡಗಿಗೆ ಉಳಿಯ ಮೇಲೆ, ಮೆಕ್ಯಾನಿಕ್‌ಗೆ ಸ್ಪ್ಯಾನರ್ ಮೇಲೆ. ಆ ಪ್ರೀತಿಯನ್ನೇ ಹಿಡಿದು ಹಿಂಡುವುದು ಕಂಪನಿ. ದಿನದ ಕೊನೆಗೆ ಬರುವ ಲೆಕ್ಕದ ಚೀಟಿ ನೋಡಿದಾಗ ಆ ಎರಡೂ ಭಾವನೆ ಒಟ್ಟಿಗೆ ಬರುತ್ತವೆ. ಆಮೇಲೆ ಯೂನಿಯನ್ ಕಟ್ಟುವ ಕಥೆ ಬರುತ್ತದೆ, ಕಥೆ ಹೇಳುವ ರೀತಿ ಸ್ವಲ್ಪ ಒರಟು, ಆದರೂ ಈ ಪಟ್ಟಿಯಲ್ಲಿ ಸಿಟ್ಟಿಗೆ ಒಂದು ದಾರಿ ಕೊಡುವ ಆಟ ಇದೇ. ಗ್ರಾಫಿಕ್ಸ್ ಕಾರ್ಡ್ ಬೇಕು, ಮೂವತ್ತಕ್ಕೂ ಹೆಚ್ಚು ಗಂಟೆ ಹಿಡಿಯುತ್ತದೆ, ಓದುವುದು ಕಡಿಮೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಔಟರ್ ವರ್ಲ್ಡ್ಸ್ 2019ರದ್ದು, ಮೊದಲ ಊರಲ್ಲೇ ಕೂಲಿಯವರಿಂದ ಸಮಾಧಿಯ ಬಾಡಿಗೆ ವಸೂಲಿ ಮಾಡುವ ಕೆಲಸ ಕೊಡುತ್ತಾರೆ. ಚೆನ್ನಾದ ಶುರು. ಆದರೆ ಆಮೇಲೆ ಎಲ್ಲವೂ ತಮಾಷೆಯಾಗುತ್ತದೆ, ನಕ್ಕ ಮೇಲೆ ಏನೂ ಉಳಿಯುವುದಿಲ್ಲ. ಇದರ ಎರಡನೇ ಭಾಗಕ್ಕೆ 2025ರಲ್ಲಿ ಮೊದಲು 80 ಡಾಲರ್ ಬೆಲೆ ಘೋಷಿಸಿ, ಆಮೇಲೆ 70ಕ್ಕೆ ಇಳಿಸಿದರು. ಇಷ್ಟು ದುಡ್ಡಿಗೆ ಮೇಲೆ ಹೇಳಿದ ಎರಡು ಮೂರು ಆಟ ಬರುತ್ತವೆ. ಗುಂಡು ಹಾರಿಸುವ ಆಟವೇ ಬೇಕು ಅನ್ನುವವರಿಗೆ ಮೊದಲ ಭಾಗ ಸಾಕು.

ಸ್ಟಾರ್‌ಡ್ಯೂ ವ್ಯಾಲಿಯನ್ನು ಬಹಳ ಜನ ಸೂಚಿಸುತ್ತಾರೆ. ಜೋಜಾ ಕಂಪನಿಯ ಆಫೀಸಿನಲ್ಲಿ ನಲುಗಿ, ತಾತನ ಜಮೀನಿಗೆ ಹೋಗುವ ಕಥೆ, ಫೋನಿನಲ್ಲೂ ಸಿಗುತ್ತದೆ, ಅಗ್ಗ. ಸುಸ್ತಾದವರಿಗೆ ಔಷಧಿ. ಆದರೆ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಯಾವ ಬೆಳೆಗೆ ಎಷ್ಟು ಲಾಭ ಅಂತ ಲೆಕ್ಕ ಹಾಕುತ್ತಾ ಕೂರುತ್ತೀರಿ, ವ್ಯಾಪಾರ ಆಟದ ಕಥೆಯೇ ಮತ್ತೆ. ಫೋನಿನಲ್ಲಿ ಕೈಗೆ ನಾಚಿಕೆ ಹತ್ತಿಸುವ ಆಟ ಬೇಕಾದರೆ ಪೇಪರ್ಸ್, ಪ್ಲೀಸ್ ಇದೆ. ಅದು ಸರ್ವಾಧಿಕಾರಿ ದೇಶದ ಗಡಿ ಠಾಣೆಯ ಕಥೆ, ಬಂಡವಾಳಶಾಹಿಯದ್ದಲ್ಲ. ಆದರೂ ಸಂಬಳಕ್ಕಾಗಿ, ಮನೆಯಲ್ಲಿ ಹುಷಾರಿಲ್ಲದ ಮಗನ ಔಷಧಿಗಾಗಿ, ಒಬ್ಬ ಪರದೇಶಿಯ ಪಾಸ್‌ಪೋರ್ಟಿಗೆ ಕೆಂಪು ಮುದ್ರೆ ಒತ್ತುವುದು ಹೇಗಿರುತ್ತದೆ ಅಂತ ಅದರಷ್ಟು ಚೆನ್ನಾಗಿ ಯಾವುದೂ ತೋರಿಸಿಲ್ಲ. ಕೆಂಟಕಿ ರೂಟ್ ಝೀರೋ ಆಸ್ಪತ್ರೆಯ ಸಾಲ ಮನುಷ್ಯನನ್ನು ಹೇಗೆ ನುಂಗುತ್ತದೆ ಅನ್ನುವ ನಿಧಾನದ, ಕವಿತೆಯಂಥ ಆಟ. 2013ರಿಂದ 2020ರವರೆಗೆ ಐದು ಅಂಕಗಳಲ್ಲಿ ಬಂತು. ಮನೆಯಲ್ಲಿ ಅಂಥ ಸಾಲ ಇದ್ದವರಿಗೆ ಮೂರನೇ ಅಂಕ ಬಹಳ ಭಾರ.

ಈಗ ನಿಮ್ಮ ವಿಷಯಕ್ಕೆ ಬರೋಣ. ಕೆಲಸ ಹೋಗಿದೆ, ಅಥವಾ ಹೋಗುವ ಹಾಗಿದೆ ಅಂದರೆ ಸಿಟಿಜನ್ ಸ್ಲೀಪರ್ ಈಗ ಬೇಡ, ಹಾರ್ಡ್‌ಸ್ಪೇಸ್ ಅಥವಾ ಸ್ಟಾರ್‌ಡ್ಯೂ ನೋಡಿ. ಕೈ ಬ್ಯುಸಿ ಇರುತ್ತದೆ, ಎದೆ ಹಗುರ ಇರುತ್ತದೆ. ಕೆಲಸ ಭದ್ರವಾಗಿದೆ, ಆದರೆ ಮನೆ ಬಾಗಿಲಿಗೆ ಊಟ ತರುವವನ ಮುಖ ನೋಡಲು ಏನೋ ಮುಜುಗರ ಅನ್ನುವವರಿಗೆ ಸಿಟಿಜನ್ ಸ್ಲೀಪರ್. ಊರು ಬಿಟ್ಟು ಬಂದವರಿಗೆ ನೈಟ್ ಇನ್ ದ ವುಡ್ಸ್, ಅದರಲ್ಲಿ ಎರಡನೇ ಮಾತಿಲ್ಲ. ರಜೆ ಇದೆ, ಓದುವ ತಾಳ್ಮೆ ಇದೆ, ದುಃಖವನ್ನು ತಡೆದುಕೊಳ್ಳುವ ಶಕ್ತಿ ಇದೆ ಅಂದರೆ ಡಿಸ್ಕೋ ಎಲಿಸಿಯಮ್.

ದುಡ್ಡಿನ ಮಟ್ಟಿಗೆ ಅವಸರ ಬೇಡ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ವರ್ಷಕ್ಕೆ ಹಲವು ಸಲ ಸೇಲ್ ಇರುತ್ತದೆ, ಇವೆಲ್ಲ ಹಳೆಯ ಆಟಗಳಾದ್ದರಿಂದ ಬೆಲೆ ಚೆನ್ನಾಗಿ ಇಳಿಯುತ್ತದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲಿ ಆಟ ಚೆನ್ನಾಗಿದೆಯಾ ಅಂತ ಮಾತ್ರ ನೋಡಬೇಡಿ, ಆಡಿ ಎದ್ದ ಮೇಲೆ ಮನೆಯವರ ಜೊತೆ ಹೇಗೆ ಮಾತಾಡಿದಿರಿ ಅಂತಲೂ ಗಮನಿಸಿ. ಸಿಡುಕಿದ್ದರೆ ವಾಪಸ್ ಕೊಟ್ಟು ಇನ್ನೊಂದು ತಗೊಳ್ಳಿ, ಅದು ಮುಂದಿನ ವರ್ಷಕ್ಕೂ ಇರುತ್ತದೆ.

ಡಿಸ್ಕೋ ಎಲಿಸಿಯಮ್ ಆರಿಸಿದವರಿಗೆ ಒಂದು ಮಾತು. ಪುಸ್ತಕದ ಅಂಗಡಿಯ ಹತ್ತಿರ ಒಬ್ಬ ದುಡಿಯುವ ಹೆಂಗಸು ಸಿಗುತ್ತಾಳೆ, ಗಂಡ ಮನೆಗೆ ಬಂದಿಲ್ಲ ಅನ್ನುತ್ತಾಳೆ. ಮುಂದೆ ಒಂದು ದಿನ ಅವಳ ಬಾಗಿಲು ತಟ್ಟಿ ಸುದ್ದಿ ಹೇಳಬೇಕಾದವರು ನೀವೇ. ಆ ಬಾಗಿಲ ಮುಂದೆ ಸೇವ್ ಮಾಡಿಕೊಂಡು ಬೇರೆ ಬೇರೆ ಉತ್ತರ ಒತ್ತಿ ನೋಡಬೇಡಿ. ಒಂದೇ ಸಲ ತಟ್ಟಿ, ಬಾಯಿಗೆ ಬಂದದ್ದನ್ನು ಹೇಳಿ, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.